ಓದುಗರ ಪ್ರಶ್ನೆ: ಎಸ್ಪಾಞೋಲ್ ಅನ್ಲಿಕ್ಕೆ ನಮ್ಮ 'ಞ' ಸಾಕ್ರಿ

ಹೋದ ಸಲ ಸ್ಪ್ಯಾನಿಷ್ ಬಗ್ಗೆ ಎರಡೇ ಸಾಲು ಬರದಿದ್ದೆ, ಅದಕ್ಕ ಇಷ್ಟು ಪ್ರಶ್ನೆ ಬರ್ತಾವಂತ ಅನ್ಕೊಂಡಿದ್ದಿಲ್ಲ. ಮೂರು ಆರಿಸೀನಿ.

ಪ್ರಶ್ನೆ: ಗೋಳಗುಮ್ಮಟದ ಹತ್ರ ಗೈಡ್ ಕೆಲಸ ಮಾಡ್ತೀನಿ. ಒಮ್ಮೊಮ್ಮೆ ಸ್ಪ್ಯಾನಿಷ್ ಮಂದಿ ಬರ್ತಾರ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ. ಮೊದ್ಲ ಅದನ್ನ ಗಟ್ಟಿ ಮಾಡ್ಕೊಂಡು ಆಮ್ಯಾಲ ಸ್ಪ್ಯಾನಿಷ್ ಕಲೀಬೇಕೇನ್ರಿ?
– ಓದುಗರು, ವಿಜಯಪುರ

ಉತ್ತರ: ಏನೂ ಬ್ಯಾಡ್ರಿ, ಇಂಗ್ಲಿಷ್ ನಡುವ ಬಂದ್ರನೇ ತೊಡಕು. ಅವರ ತ, ದ ನಮ್ಮಂಗ ಹಲ್ಲಿಗೆ ನಾಲಿಗಿ ತಾಗಿಸಿ ಅನ್ನೂವು, ಟ ಡ ಅಲ್ಲ. ನಮ್ಮ ಅಕ್ಷರಮಾಲ್ಯಾಗ ಕೆಲಸಿಲ್ಲದ ಕುಂತದಲ್ಲ 'ಞ', ಅದಕ್ಕ ಅಲ್ಲಿ ಭಾಳ ಕೆಲಸ ಅದ: ಮಾಞಾನಾ ಅಂದ್ರ ನಾಳೆ, ಎಸ್ಪಾಞೋಲ್ ಅಂದ್ರ ಆ ಭಾಷೀನೇ. ನಾವು 'ನಾನು' ಬಿಟ್ಟು ಬರೇ 'ಮಾತಾಡ್ತೀನಿ' ಅಂದ್ರ ಯಾರು ಮಾತಾಡೋದಂತ ಗೊತ್ತಾಗ್ತದಲ್ಲ, ಅಲ್ಲಿನೂ ಹಂಗೇ, 'ಆಬ್ಲೊ' ಅಂದ್ರ ಮುಗೀತು. ಇನ್ನ 'ಐ ಲೈಕ್ ಟೀ' ಅಂತ ತಲ್ಯಾಗ ಹಾಕ್ಕೊಂಡು ಹೊಂಟ್ರಿ ಅಂದ್ರ ದಾರಿ ತಪ್ತೀರಿ, 'ನನಗ ಚಾ ಸೇರ್ತದ' ಅಂತ ಹೊಂಟ್ರ ಸೀದಾ 'ಮೆ ಗುಸ್ತಾ ಎಲ್ ತೆ'. 'ನನಗ ತಲಿ ನೋಯ್ತದ' ಅಂದ್ರ 'ಮೆ ದುವೆಲೆ ಲಾ ಕಬೇಸಾ'. 'ಮೆ' ಅಂದ್ರ 'ನನಗ', ಅಷ್ಟೇ.

ನನಗ ಈ ಬುದ್ಧಿ ಬಂದಿದ್ದು ಮರ್ಯಾದಿ ಹೋದ ಮ್ಯಾಲ. ಏಪ್ರಿಲ್ ತಿಂಗಳ, ಕರೆಂಟ್ ಇಲ್ಲ, ಫೋನಿನಾಗ ಕ್ಲಾಸು, ಬೆವರು ಒರಸ್ಕೋತ 'ಐ ಆಮ್ ಹಾಟ್' ಅನ್ನೋದನ್ನ ಶಬ್ದಕ್ಕ ಶಬ್ದ ಇಟ್ಟು 'ಎಸ್ತೊಯ್ ಕಲಿಯೆಂತೆ' ಅಂದೆ ನೋಡ್ರಿ, ಕಲಿಸೋ ಅಕ್ಕಾರು ಬಾಯಿ ಮುಚ್ಕೊಂಡು ನಗ್ಲಿಕ್ಕೆ ಚಾಲೂ ಮಾಡಿದ್ರು. ಅದರರ್ಥ ಬ್ಯಾರೇನೇ, ಪತ್ರಿಕ್ಯಾಗ ಬರಿಯೋ ಹಂಗಿಲ್ಲ. ಸೆಕಿ ಆದ್ರ 'ತೆಂಗೊ ಕಲೋರ್' ಅನ್ರಿ, ಸೆಕಿ ನನ್ನ ಹತ್ರ ಅದ ಅಂದಂಗ.

ನಿಮ್ಮ ಕೆಲಸಕ್ಕ ಬೇಕಾಗೋವು: ಏಳು ಅಂತಸ್ತಿನ ಮೆಟ್ಟಲ ಹತ್ತೂಮುಂದ 'ದೆಸ್ಪಾಸಿಯೊ' (ನಿಧಾನಕ್ಕ), 'ಕುಯಿದಾದೊ' (ಜ್ವಾಕಿ). ಮ್ಯಾಲ ಹೋಗಿ ಚಪ್ಪಾಳಿ ಹೊಡಿಯೋಕಿಂತ ಮೊದ್ಲ 'ಎಸ್ಕೂಚೆನ್' (ಎಲ್ಲಾರೂ ಕೇಳ್ರಿ). ಒಬ್ಬರಿದ್ರ 'ಎಸ್ಕೂಚೆ', ಸಣ್ಣ ಹುಡುಗ ಇದ್ರ 'ಎಸ್ಕೂಚಾ'. ಆಮ್ಯಾಲ ಗುಮ್ಮಟಾನೇ ಮಾತಾಡ್ತದ, ನೀವು ಸುಮ್ನ ನಿಂತ್ರ ನಡೀತದ.

ಪ್ರಶ್ನೆ: ನಮ್ಮ ಫೌಂಡ್ರಿ ಆಫೀಸಿಗೆ ಮೆಕ್ಸಿಕೋದ ಗಿರಾಕಿ ಅದಾರ. ನಾ ಕಲಿಯಾಕತ್ತಿದ್ದು ಸ್ಪೇನ್ ದೇಶದ ಸ್ಪ್ಯಾನಿಷ್. ನಡಿತೈತೇನ್ರಿ?
– ಓದುಗರು, ಬೆಳಗಾವಿ

ಉತ್ತರ: ನಡಿತೈತ್ರಿ. ನೀವು ಐತಿ ಅಂತೀರಿ, ನಾವು ಅದ ಅಂತೀವಿ, ಮೈಸೂರಾಗ ಇದೆ ಅಂತಾರ, ಯಾರ್ಯಾರಿಗೂ ಜಗಳ ಆಗಿಲ್ಲ. ಸ್ಪ್ಯಾನಿಷ್ 20 ದೇಶದಾಗ ಅಧಿಕೃತ ಭಾಷೆ, ಎಲ್ಲಾ ಕಡೆ ಒಂದೇ ಥರ ಹೆಂಗ ಇರ್ತದ? ಆದ್ರ ನಿಮ್ಮ ಗಿರಾಕಿ ಯಾವ ಊರವರೋ ಆ ಊರಿಂದು ಕಲಿಯೋದು ಛಲೋ. 'ನೀವೆಲ್ಲಾ' ಅನ್ಲಿಕ್ಕೆ ಸ್ಪೇನ್‌ನಾಗ ಸ್ನೇಹಿತರಿಗೆ 'ಬೊಸೋತ್ರೋಸ್' ಅಂತಾರ, ಮೆಕ್ಸಿಕೋದಾಗ ಎಲ್ಲಾರಿಗೂ 'ಉಸ್ತೇದೆಸ್', ಹಂಗಾಗಿ ಪುಸ್ತಕದಾಗಿನ 'ಬೊಸೋತ್ರೋಸ್' ಕ್ರಿಯಾರೂಪ ನೀವು ಬಾಯಿಪಾಠ ಮಾಡೋದೇ ಬ್ಯಾಡ. ಒಬ್ಬರಿಗೆ 'ಉಸ್ತೇದ್' (ನೀವು) ಅಂತನೇ ಸುರು ಮಾಡ್ರಿ, ಅವ್ರೇ 'ತೂ'ಗೆ (ನೀ) ಇಳದ್ರ ಇಳೀರಿ. ಸ್ಪೇನ್‌ನಾಗ ಬಸ್ ಹಿಡಿಯೋದಕ್ಕ 'ಕೊಹೇರ್' ಅಂತಾರ, ಮೆಕ್ಸಿಕೋದಾಗ ಅದು ಹೊಲಸು ಮಾತು, 'ತೊಮಾರ್' ಅನ್ರಿ. ಸರಿಯಾಗಿ ಕೇಳಿಸ್ಲಿಲ್ಲ ಅಂದ್ರ 'ಮಾಂದೆ?', ನಾವು 'ಆಂ, ಏನ್ರಿ?' ಅಂದಂಗ. ಮತ್ತ ಪೇಮೆಂಟ್ 'ಆಓರೀತಾ' ಮಾಡ್ತೀವಿ ಅಂದ್ರ ಖುಷಿ ಪಡಬ್ಯಾಡ್ರಿ, ಅದು ನಮ್ಮ 'ಈಗ ಬಂದ್ನಿ' ಇದ್ದಂಗ, ಐದು ನಿಮಿಷಾನೂ ಇರಬಹುದು, ಸಂಜಿನೂ ಆಗಬಹುದು.

ಪ್ರಶ್ನೆ: ಅಡಗಿ ವಿಡಿಯೋ ನೋಡಿ ಸ್ಪ್ಯಾನಿಷ್ ಕಲಿಯಾಕತ್ತೀನಿ. ಒಬ್ಬಾಕಿ ತೋರ್ತೀಯಾ ಅಂತ ತತ್ತಿ ಬಟಾಟಿ ಹಾಕ್ತಾಳ, ಇನ್ನೊಬ್ಬಾಕಿ ರೊಟ್ಟಿ ಮಾಡ್ತಾಳ. ಯಾವ್ದು ಖರೇ?
– ಓದುಗರು, ಬಾಗಲಕೋಟೆ

ಉತ್ತರ: ಎರಡೂ ಖರೇನ್ರಿ. ತತ್ತಿ ಬಟಾಟಿದು ಸ್ಪೇನ್‌ದು. ಅದಕ್ಕ ಉಳ್ಳಾಗಡ್ಡಿ ಹಾಕ್ಬೇಕೋ ಬ್ಯಾಡೋ ಅಂತ ಅಲ್ಲಿ ಇನ್ನೂ ವಾದ ಮುಗಿದಿಲ್ಲ. ರೊಟ್ಟಿ ಮೆಕ್ಸಿಕೋದ್ದು. ಅಲ್ಲಿನ 'ನಾವಾ' ಅನ್ನೋ ಮೂಲನಿವಾಸಿ ಮಂದಿ ಅದಕ್ಕ 'ತ್ಲಾಶ್ಕಾಲ್ಲಿ' ಅಂತಿದ್ರು, 1519ರಾಗ ಸ್ಪೇನಿನ ದಂಡನಾಯಕ ಕೊರ್ತೆಸ್‌ನ ದಂಡು ಬಂದ ಮ್ಯಾಲ ಸ್ಪೇನಿನವರು ತಮ್ಮ ಹೆಸರು ಹಚ್ಚಿದ್ರು. ಗೋವಿನಜ್ವಾಳ ಸುಣ್ಣದ ನೀರಿನಾಗ ಕುದಿಸಿ, ನೆನೆ ಇಟ್ಟು, ಸಿಪ್ಪಿ ತೊಳದು ಬೀಸ್ತಾರ, ಆ ಹಿಟ್ಟಿಗೆ 'ಮಾಸಾ', ಹಂಚಿಗೆ 'ಕೊಮಾಲ್'. ನಮ್ಮ ಜ್ವಾಳದ ಹಿಟ್ಟಿಗೆ ಎಸರು ಹೊಯ್ದು ಜಿಗಿ ತರಿಸ್ತೀವಲ್ಲ, ಅವ್ರಿಗೆ ಆ ಕೆಲಸ ಸುಣ್ಣ ಮಾಡಿ ಕೊಡ್ತದ. ಹಳ್ಯಾಗ ಇನ್ನೂ ಅಂಗೈ ನಡುವನೇ ತಟ್ಟಿ ಮಾಡ್ತಾರ, ವಿಡಿಯೋದ ದನಿ ಬಂದ್ ಮಾಡಬ್ಯಾಡ್ರಿ, ಆ ಪಟಪಟ ಕೇಳಿದ್ರ ನಿಮ್ಮನಿ ಅಡಗಿಮನಿನೇ ಅನ್ನಿಸ್ತದ. ಶೇಂಗಾಕ್ಕ ಆಕಿ 'ಕಕವಾತೆ' ಅಂದ್ರ ಮೆಕ್ಸಿಕೋದಾಕಿ, 'ಕಕವೆತೆ' ಅಂದ್ರ ಸ್ಪೇನ್‌ದಾಕಿ, 'ಮಾನೀ' ಅಂದ್ರ ದಕ್ಷಿಣ ಅಮೆರಿಕ ಇಲ್ಲಾ ಕ್ಯೂಬಾ ಕಡೀಯಾಕಿ.