ಒಂದೇ ಶನಿವಾರದ ನಾಲ್ಕು ಫೋಟೋ

"ಫೋನ್ ತುಂಬಿದಾಗ ಎಷ್ಟೋ ಫೋಟೋ ಅಳಿಸುತ್ತೇವೆ. ನೋಡಲು ಏನೂ ಇಲ್ಲದಿದ್ದರೂ ಅಳಿಸಲು ಮನಸ್ಸು ಬಾರದ ಫೋಟೋ ನಿಮ್ಮ ಹತ್ತಿರ ಯಾವುದಿದೆ?" ಎಂದು ಕೇಳಿದ್ದೀರಿ. ನನ್ನ ಹತ್ತಿರ ನಾಲ್ಕಿವೆ. ನಾಲ್ಕೂ ಒಂದೇ ಶನಿವಾರದವು.

ನಾನು ಲಂಡನ್ನಿನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಅಪ್ಪ ತೀರ್ಥಹಳ್ಳಿಯಿಂದ ಬಂದು ಎರಡು ತಿಂಗಳು ಜೊತೆಗಿದ್ದರು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅರಮನೆ, ಗಡಿಯಾರ ಗೋಪುರ, ಸೇತುವೆ ಎಲ್ಲ ಮೊದಲ ವಾರದಲ್ಲೇ ಮುಗಿದವು. "ನೀನು ರಜೆ ದಿನ ಏನು ಮಾಡ್ತೀಯ? ಅಲ್ಲಿಗೇ ಹೋಗೋಣ" ಎಂದರು.

ನನ್ನ ಹವ್ಯಾಸ ಹೇಳಿದರೆ ಜನ ನಗುತ್ತಾರೆ. ಕಾಲುವೆ ದಂಡೆಯಲ್ಲಿ ನಡೆಯುತ್ತಾ ದೋಣಿಗಳ ಹೆಸರು ಬರೆದುಕೊಳ್ಳುವುದು. ಅಷ್ಟೇ. ಇಲ್ಲಿನ ಕಾಲುವೆಗಳಲ್ಲಿ ಏಳಡಿ ಅಗಲದ ಉದ್ದುದ್ದ ದೋಣಿಗಳಿವೆ. ಎಷ್ಟೋ ಜನ ಅದರಲ್ಲೇ ಸಂಸಾರ ಮಾಡುತ್ತಾರೆ. ಮೇಲೆ ಸೌದೆ, ಸೈಕಲ್, ಹೂಕುಂಡ. ಪಕ್ಕದಲ್ಲಿ ಬಣ್ಣದ ಅಕ್ಷರದಲ್ಲಿ ಹೆಸರು. ನಮ್ಮ ಲಾರಿಗಳ ಹಿಂದೆ ಬರೆದಿರುತ್ತಾರಲ್ಲ, ಆ ಥರದ ಖುಷಿ ಅದು. ಅಪ್ಪನನ್ನು ರೀಜೆಂಟ್ಸ್ ಕಾಲುವೆಗೆ ಕರೆದುಕೊಂಡು ಹೋದೆ. 1820ರಲ್ಲಿ ಪೂರ್ತಿಯಾದ ಕಾಲುವೆ. ಲಿಟಲ್ ವೆನಿಸ್‌ನಿಂದ ಕ್ಯಾಮ್ಡನ್‌ವರೆಗೆ ಸುಮಾರು ನಾಲ್ಕು ಕಿಲೋಮೀಟರ್ ನಡೆದೆವು.

ಮೊದಲ ಫೋಟೋ ಒಂದು ಕಬ್ಬಿಣದ ಕಂಬದ್ದು. ಮೃಗಾಲಯದ ಹತ್ತಿರ ಮ್ಯಾಕಲ್ಸ್‌ಫೀಲ್ಡ್ ಸೇತುವೆ ಇದೆ. ಹಿಂದೆ ದೋಣಿಗಳನ್ನು ದಂಡೆಯ ಮೇಲೆ ಕುದುರೆಗಳು ಎಳೆಯುತ್ತಿದ್ದವು. ಒದ್ದೆ ಹಗ್ಗ, ಅದಕ್ಕೆ ಅಂಟಿದ ಮರಳು ಉಜ್ಜಿ ಉಜ್ಜಿ ಕಂಬದಲ್ಲಿ ಬೆರಳು ಹೂತುಹೋಗುವಷ್ಟು ಗೀರು ಬಿದ್ದಿದೆ. "ನಮ್ಮ ಹಳೇ ಬಾವಿಕಟ್ಟೆ ಹಾಗೇ ಇದೆ" ಎಂದು ಅಪ್ಪ ಬೆರಳಾಡಿಸಿದರು. ಆಮೇಲೆ ಕಂಬ ಸುತ್ತಿ ನೋಡಿ, "ಇದೇನೋ, ಎರಡೂ ಕಡೆ ಇದೆ? ಹಗ್ಗ ಒಂದೇ ಕಡೆ ತಾನೇ ಉಜ್ಜಬೇಕು?" ಎಂದರು. ಅದಕ್ಕೆ ಕಾರಣವಿದೆ. 1874ರಲ್ಲಿ ಸಿಡಿಮದ್ದು ಹೊತ್ತ ದೋಣಿಯೊಂದು ಈ ಸೇತುವೆಯ ಕೆಳಗೇ ಸಿಡಿದು ಸೇತುವೆ ಹಾರಿಹೋಯಿತು. ಮತ್ತೆ ಕಟ್ಟುವಾಗ ಅವೇ ಕಂಬಗಳನ್ನು ತಿರುಗಿಸಿ ನಿಲ್ಲಿಸಿದರು. ಹಗ್ಗ ಹೊಸ ಬದಿಯನ್ನೂ ಕೊರೆಯಿತು. ಆ ದಾರಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ, ಇದನ್ನು ಗಮನಿಸಿರಲೇ ಇಲ್ಲ. ಅಪ್ಪ ಕೇಳಿದ ಮೇಲೆ ಫೋನಿನಲ್ಲಿ ಹುಡುಕಿ ಓದಿ ಹೇಳಿದ್ದು.

ಎರಡನೆಯದರಲ್ಲಿ ಅಪ್ಪನ ಬೆನ್ನು ಮಾತ್ರ ಇದೆ. ಕ್ಯಾಮ್ಡನ್‌ನಲ್ಲಿ ಲಾಕ್ ಶುರುವಾಗುತ್ತದೆ. ಅಲ್ಲಿ ನೀರು ಏಳೆಂಟು ಅಡಿ ಕೆಳಕ್ಕಿಳಿಯುತ್ತದೆ, ದೋಣಿಯೂ ಇಳಿಯಬೇಕಲ್ಲ. ಎರಡು ಬಾಗಿಲುಗಳ ನಡುವೆ ದೋಣಿ ನಿಲ್ಲಿಸಿ, ತೂಬು ತೆರೆದು ನೀರು ಬಿಡುತ್ತಾರೆ. ಅಪ್ಪ ನೋಡುತ್ತಾ ನಿಂತೇಬಿಟ್ಟರು. ಎಷ್ಟು ಹೊತ್ತು ಅಂತೀರಿ, ಮೂರು ದೋಣಿ ಇಳಿಯುವವರೆಗೆ! ಒಬ್ಬ ಹುಡುಗ ಆತುರದಲ್ಲಿ ಬಾಗಿಲು ತಳ್ಳಲು ಹೋದಾಗ, "ಎರಡೂ ಕಡೆ ನೀರು ಸಮ ಆಗೋವರೆಗೆ ಆನೆ ತಂದರೂ ಅಲುಗಾಡಲ್ಲ" ಎಂದು ಕನ್ನಡದಲ್ಲೇ ಹೇಳಿದರು. ಅವನಿಗೆ ಏನು ಅರ್ಥವಾಯಿತೋ, ನಿಲ್ಲಿಸಿದ. ನಾಲ್ಕನೇ ದೋಣಿಯ ಹೆಂಗಸು ನಗುತ್ತಾ ಅಪ್ಪನ ಕೈಗೇ ತೂಬಿನ ಹಿಡಿಕೆ ಕೊಟ್ಟರು. ನೀರು ಸಮವಾದ ಮೇಲೆ ಅಪ್ಪ ಬಾಗಿಲಿನ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳಿದರು. ನಾನು ಫೋನ್ ತೆಗೆಯುವಷ್ಟರಲ್ಲಿ ಕೆಲಸ ಮುಗಿಸಿ ಆಚೆ ತಿರುಗಿದ್ದರು. ಅಂಗಿಯ ಬೆನ್ನ ಮೇಲೆ ತೊಲೆಯ ಬಣ್ಣದ ಕರೆ.

ಅಷ್ಟರಲ್ಲಿ ಹೊಟ್ಟೆ ಹಸಿದಿತ್ತು. "ಇಂಡಿಯನ್ ಅಂತ ಬೋರ್ಡ್ ಇದೆ, ನಡಿ" ಎಂದರು ಅಪ್ಪ. ನನಗೆ ಒಳಗೊಳಗೇ ಅಳುಕು. ಇಲ್ಲಿನ ಇಂಡಿಯನ್ ಹೋಟೆಲು ನಮ್ಮ ಹೋಟೆಲು ಅಲ್ಲ. ಬಹುಪಾಲು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಈರುಳ್ಳಿ ಬೇಯಿಸಿ ಮೊದಲೇ ಮಾಡಿಟ್ಟ ಒಂದೇ ಗ್ರೇವಿಯಿಂದ ಹತ್ತಾರು ಹೆಸರಿನ ಸಾರು ಹುಟ್ಟುತ್ತದೆ. ಲಂಡನ್ನಿಗೆ ಇದು ಹೊಸತೇನಲ್ಲ. ಪಟ್ನಾದ ಶೇಖ್ ದೀನ್ ಮಹಮ್ಮದ್ 1810ರಲ್ಲೇ ಇಲ್ಲಿ ಊಟದ ಮನೆ ತೆರೆದಿದ್ದರು. ಪಾಪ, 1812ರಲ್ಲಿ ದಿವಾಳಿಯಾದರು. ಈ ಕಾಲುವೆ ತೋಡಲು ಶುರು ಮಾಡಿದ್ದೂ ಅದೇ ವರ್ಷ.

ಮೂರನೇ ಫೋಟೋ ಹಪ್ಪಳದ್ದು. ಕೂತ ಕೂಡಲೇ ಹಪ್ಪಳದ ರಾಶಿ, ಜೊತೆಗೆ ಸಿಹಿ ಮಾವಿನ ಚಟ್ನಿ, ಹೆಚ್ಚಿದ ಈರುಳ್ಳಿ. "ಅನ್ನ ಎಲ್ಲಿ?" ಎಂದು ಅಪ್ಪ ಕಾದರು. ಇಲ್ಲಿ ಹಪ್ಪಳವೇ ಮೊದಲು, ಅನ್ನ ಆಮೇಲೆ ಎಂದೆ. ಮೆನು ಓದಿ, "ಮದ್ರಾಸ್ ಅಂದ್ರೆ ಏನು?" ಎಂದರು. ಖಾರದ ಅಳತೆ ಎಂದೆ. ಕುರ್ಮಾ ಸಪ್ಪೆ, ಮದ್ರಾಸ್ ಖಾರ, ವಿಂದಾಲೂ ಇನ್ನೂ ಖಾರ. "ಮದ್ರಾಸಿನವರಿಗೆ ಈ ವಿಷಯ ಗೊತ್ತಾ?"

ತರಕಾರಿ ಪಲ್ಯ, ದಾಲ್, ಅನ್ನ ಬಂತು. ಅಪ್ಪ ನಾಲ್ಕು ತುತ್ತು ತಿಂದು ಸುಮ್ಮನಾದರು. ಬಡಿಸುತ್ತಿದ್ದ ಹಿರಿಯರು ಅದನ್ನು ನೋಡಿ ಊರು ಯಾವುದು ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪನ ಹಿಂದಿ ಅಷ್ಟಕ್ಕಷ್ಟೇ, ಅವರದೂ ಅದೇ ಥರ. ಅದಕ್ಕೇ ಹೊಂದಿಕೆಯಾಯಿತೋ ಏನೋ! ನಮ್ಮ ಕಡೆ ಆಗುಂಬೆ ಇದೆ, ಭಾರೀ ಮಳೆ ಎಂದು ಅಪ್ಪ ಶುರು ಮಾಡಿದರು. ಸಿಲ್ಹೆಟ್ಟಿನವರ ಮುಂದೆ ಮಳೆ ಮಾತು! ಚಿರಾಪುಂಜಿಯ ನೀರೆಲ್ಲ ಇಳಿದು ಬರುವುದು ಅವರ ಊರಿಗೇ. ಮಳೆಯಿಂದ ಮಾತು ಗದ್ದೆಗೆ, ಗದ್ದೆಯಿಂದ ಉಪ್ಪಿನಕಾಯಿಗೆ ಬಂತು. ಅವರು ಒಳಗೆ ಹೋಗಿ, ಮೆನುವಿನಲ್ಲಿಲ್ಲದ ಒಂದು ಪುಟ್ಟ ಬಟ್ಟಲು ತಂದರು. ತಮಗಾಗಿ ಇಟ್ಟುಕೊಂಡ ಉಪ್ಪಿನಕಾಯಿಯಂತೆ. ಸಿಲ್ಹೆಟ್ ಕಡೆ ಬೆಳೆಯುವ, ದಪ್ಪ ಸಿಪ್ಪೆಯ, ಹುಳಿ-ಕಹಿ ಕಾಯಿ, ಶಾತ್ಕೋರಾ. ಅಪ್ಪ ನೆಕ್ಕಿ ನೋಡಿ, "ಏ, ಇದು ನಮ್ಮ ಕಂಚಿಕಾಯಿ ಕಣೋ!" ಎಂದರು. ಅದೇ ಹಣ್ಣೇನಲ್ಲ ಬಿಡಿ, ಆದರೆ ಅದೇ ಮನೆತನದ್ದು. ಅದರಲ್ಲೇ ಪೂರ್ತಿ ಅನ್ನ ಉಂಡರು.

ನಾಲ್ಕನೇ ಫೋಟೋದಲ್ಲಿ ಒಂದು ಆರ್ಡರ್ ಚೀಟಿ ಇದೆ. ಅಪ್ಪ ಹೆಸರು ಮರೆಯದಿರಲಿ ಎಂದು ಅವರು ಬಂಗಾಳಿಯಲ್ಲಿ ಬರೆದುಕೊಟ್ಟರು. ಅಪ್ಪ ಅವರ ಪೆನ್ನನ್ನೇ ತೆಗೆದುಕೊಂಡು ಕೆಳಗೆ ಕನ್ನಡದಲ್ಲಿ 'ಕಂಚಿಕಾಯಿ' ಎಂದು ಬರೆದು, ಅರ್ಧ ಹರಿದು ಅವರಿಗೆ ಕೊಡಲು ಹೊರಟರು. "ಯಾವ ಅರ್ಧ ಅಪ್ಪ?" ಎಂದೆ. ಸ್ವಲ್ಪ ಯೋಚಿಸಿ, ಕನ್ನಡದ ಅರ್ಧವನ್ನೇ ಕೊಟ್ಟರು. ಹರಿಯುವ ಮುಂಚೆ ತೆಗೆದ ಫೋಟೋ ಅದು. ಕೈ ನಡುಗಿ ಮಸುಕಾಗಿದೆ.