ಜಪಾನಿನ ಹಳೆಯ ವರ್ತಕರು ನಿಜಕ್ಕೂ ಅಷ್ಟು ಪ್ರಾಮಾಣಿಕರಾಗಿದ್ದರೇ?

ಕಂಪನಿಯ ತರಬೇತಿಯೊಂದರಲ್ಲಿ, ಜಪಾನಿನ ಹಳೆಯ ವರ್ತಕರು ಲಾಭವನ್ನು ಬದಿಗಿಟ್ಟು ನೀತಿಗೆ ನಿಂತವರು ಎಂದು ನಿಮಗೆ ಹೇಳಿದರಂತೆ. ಇದು ನಿಜವೇ, ಭಾಷಣಕ್ಕೆಂದು ಹೊಸೆದ ಕಥೆಯೇ ಎಂದು ಕೇಳಿದ್ದೀರಿ. ನಾನು ಒಸಾಕಾದಲ್ಲಿ ಉದ್ಯೋಗದಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಬಿವಾ ಸರೋವರದ ಪೂರ್ವ ದಂಡೆಯ ವರ್ತಕರ ಊರುಗಳನ್ನು ಸುತ್ತುತ್ತೇನೆ. ಈ ವಿಷಯ ನನ್ನನ್ನು ಬಹಳ ಕಾಲದಿಂದ ಹಿಡಿದುಕೊಂಡಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಲಾಭವನ್ನು ಬದಿಗಿಟ್ಟರು ಎಂಬ ಮಾತು ಸರಿಯಲ್ಲ. ಅವರು ಕಾಸಿಗೆ ಕಾಸು ಲೆಕ್ಕ ಇಟ್ಟವರು. ಮುಂದಿನ ವರ್ಷವೂ ಅದೇ ಊರಿಗೆ, ಅದೇ ಮನೆಯ ಬಾಗಿಲಿಗೆ ಹೋಗಲೇಬೇಕಾದ ಅನಿವಾರ್ಯ ಅವರ ನೀತಿಯ ಬೇರು ಎಂದು ನನಗೆ ಅನ್ನಿಸುತ್ತದೆ. ಇಷ್ಟಕ್ಕೇ ಅದನ್ನು ಸ್ವಾರ್ಥವೆಂದು ತಳ್ಳಿಹಾಕಬೇಡಿ. ಅನಿವಾರ್ಯವಾಗಿ ಶುರುವಾದದ್ದನ್ನು ಅವರು ಮನೆತನದ ಕಟ್ಟಳೆಯಾಗಿ ಬರೆದಿಟ್ಟು, ಮಕ್ಕಳ ಮೇಲೂ ಹೇರಿ, ನೂರಾರು ವರ್ಷ ಉಳಿಸಿಕೊಂಡರು. ಅದು ಸಣ್ಣ ಸಾಧನೆಯಲ್ಲ.

ಓಮಿ ವರ್ತಕರನ್ನೇ ತೆಗೆದುಕೊಳ್ಳಿ. ಓಮಿ ಎಂದರೆ ಬಿವಾ ಸರೋವರದ ಸುತ್ತಲಿನ ಸೀಮೆ, ಇಂದಿನ ಶಿಗಾ ಪ್ರಾಂತ್ಯ. ಹಾಚಿಮನ್, ಹಿನೊ, ಗೊಕಾಶೊ ಮೊದಲಾದ ಊರುಗಳ ಜನ ಹೆಗಲ ಮೇಲೆ ಕಾವಡಿ ಹೊತ್ತು ದೇಶಾವರಿ ವ್ಯಾಪಾರಕ್ಕೆ ಹೊರಡುತ್ತಿದ್ದರು. ಹಾಚಿಮನ್ನಿನವರದು ಸೊಳ್ಳೆ ಪರದೆ, ಚಾಪೆಯ ಮೇಲುಹೊದಿಕೆ; ಹಿನೊದವರದು ಅರಗು ಹಚ್ಚಿದ ಮರದ ಬಟ್ಟಲು, ಔಷಧಿ; ಗೊಕಾಶೊದವರದು ನಾರುಬಟ್ಟೆ. ಮಾರಿ ಬರಿಗೈಯಲ್ಲಿ ಮರಳುವ ಪದ್ಧತಿ ಇರಲಿಲ್ಲ. ಹೋದ ಸೀಮೆಯ ಸರಕನ್ನೇ ಕೊಂಡು, ಬರುವ ದಾರಿಯಲ್ಲಿ ಮಾರುತ್ತಿದ್ದರು. ಗರಗಸದಂತೆ ಹೋಗುವಾಗಲೂ ಬರುವಾಗಲೂ ಕೊಯ್ಯುವ ವ್ಯಾಪಾರ ಎಂದು ಜಪಾನೀಯರೇ ಅದನ್ನು ಕರೆಯುತ್ತಾರೆ. ಆಗಿನ ಜಪಾನ್ ನೂರಾರು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಪರಸ್ಥಳದಿಂದ ಬಂದ ಹೊರೆಯವನ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ. ಊರವರು ಮುಖ ತಿರುಗಿಸಿದರೆ ಅವನ ಕಸುಬು ಮುಗಿದಂತೆಯೇ.

ಗೊಕಾಶೊ ಬಳಿಯ ನಾರುಬಟ್ಟೆಯ ವರ್ತಕ ನಕಾಮುರಾ ಜಿಹೆಯ್ ವೃದ್ಧಾಪ್ಯದಲ್ಲಿ, 1754ರಲ್ಲಿ, ಎಳೆಯ ವಯಸ್ಸಿನ ಉತ್ತರಾಧಿಕಾರಿಗೆ ಬರೆದಿಟ್ಟ ಪತ್ರದಲ್ಲಿ ಇದೇ ತಿಳಿವಳಿಕೆ ಕಾಣುತ್ತದೆ. ಅದರ ಸಾರ ಇಷ್ಟು: ಪರಸೀಮೆಗೆ ಹೋದಾಗ ಅಲ್ಲಿನ ಜನರೆಲ್ಲ ನಿನ್ನ ಬಟ್ಟೆಯನ್ನು ಸಂತೋಷದಿಂದ ಉಡುವಂತಾಗಲಿ, ನಿನ್ನೊಬ್ಬನ ಹಿತವನ್ನೇ ನೋಡಬೇಡ, ಒಂದೇ ಸಲಕ್ಕೆ ದೊಡ್ಡ ಲಾಭಕ್ಕೆ ಆಸೆಪಡಬೇಡ. ತರಬೇತಿಯಲ್ಲಿ ನಿಮಗೆ ಹೇಳಿರಬಹುದಾದ 'ಮಾರುವವನಿಗೆ ಒಳಿತು, ಕೊಳ್ಳುವವನಿಗೆ ಒಳಿತು, ಲೋಕಕ್ಕೆ ಒಳಿತು' ಎಂಬ ಅಚ್ಚುಕಟ್ಟಾದ ಸೂತ್ರ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ್ದು. ಓಮಿ ವರ್ತಕರು ಆ ಮಾತುಗಳನ್ನೇ ಜಪಿಸುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾವ ಮಾತ್ರ ಹಳೆಯದು.

ನೀತಿ ಬರೀ ಬಾಯಿಮಾತಾಗದಂತೆ ಅವರು ಮಾಡಿಕೊಂಡ ಏರ್ಪಾಟುಗಳು ನನ್ನನ್ನು ಇನ್ನೂ ಹೆಚ್ಚು ಸೆಳೆಯುತ್ತವೆ. ಜಪಾನಿನ ಪಶ್ಚಿಮ ಕರಾವಳಿಯ ತೊಯಾಮಾದ ಔಷಧಿ ಮಾರುವವರನ್ನು ನೋಡಿ. ಮನೆಮನೆಗೆ ಹೋಗಿ ಹೊಟ್ಟೆನೋವು, ಜ್ವರ, ಗಾಯಗಳಿಗೆ ಬೇಕಾದ ಔಷಧಿ ತುಂಬಿದ ಪೆಟ್ಟಿಗೆಯನ್ನು ಒಂದು ಕಾಸೂ ಪಡೆಯದೆ ಇಟ್ಟು ಬರುತ್ತಿದ್ದರು. ಮುಂದಿನ ಸುತ್ತಿಗೆ ಬಂದಾಗ ಪೆಟ್ಟಿಗೆ ತೆರೆದು, ಎಷ್ಟು ಖರ್ಚಾಗಿದೆಯೋ ಅಷ್ಟಕ್ಕೆ ಮಾತ್ರ ಹಣ ಪಡೆದು, ಹಳತನ್ನು ತೆಗೆದು ಹೊಸತನ್ನು ತುಂಬುತ್ತಿದ್ದರು. ಯಾವ ಮನೆಯಲ್ಲಿ ಯಾವ ಔಷಧಿ ಎಷ್ಟು ಖರ್ಚಾಯಿತು, ಎಷ್ಟು ಹಣ ಬಂತು ಎಂಬುದೆಲ್ಲ ಖಾತೆ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಆ ಪುಸ್ತಕಕ್ಕೇ ಪೇಟೆಯಲ್ಲಿ ಬೆಲೆಯಿತ್ತು! ಕಸುಬು ಬಿಡುವವನು ಅದನ್ನು ಮಾರಬಹುದಿತ್ತು, ಅಡವಿಡಬಹುದಿತ್ತು. ಗಿರಾಕಿಗಳ ನಂಬಿಕೆ ಕೆಟ್ಟರೆ ಪುಸ್ತಕದ ಬೆಲೆಯೂ ಇಳಿಯುತ್ತಿತ್ತು, ಹಾಗಾಗಿ ಒಳ್ಳೆಯ ಹೆಸರು ಎಂಬುದು ಅವರ ಪಾಲಿಗೆ ಕೈಯಲ್ಲಿ ಹಿಡಿಯಬಹುದಾದ ಆಸ್ತಿಯಾಗಿತ್ತು. ಇದರ ಮೇಲೆ ಅವರು ಸೀಮೆವಾರು ತಂಡಗಳಾಗಿ ಹಂಚಿಕೊಂಡು, ತಮ್ಮತಮ್ಮಲ್ಲೇ ಕಟ್ಟಳೆ ಮಾಡಿಕೊಂಡಿದ್ದರು: ಒಬ್ಬ ಪೆಟ್ಟಿಗೆ ಇಟ್ಟ ಮನೆಯಲ್ಲಿ ತಂಡದ ಇನ್ನೊಬ್ಬ ಇಡುವಂತಿಲ್ಲ, ಬೆಲೆ ಮುರಿಯುವಂತಿಲ್ಲ. ಸಂಸ್ಥಾನದ ಅಧಿಕಾರಿಗಳು ಮುನಿದರೆ ತಂಡಕ್ಕೆ ತಂಡವೇ ಗಡಿಯಾಚೆ ನಿಲ್ಲಬೇಕಾಗುತ್ತಿತ್ತು. ದಕ್ಷಿಣದ ಸತ್ಸುಮಾ ಸಂಸ್ಥಾನ ಅವರನ್ನು ಹಲವು ಬಾರಿ ಹೀಗೆ ನಿಷೇಧಿಸಿತ್ತು. ಆದ್ದರಿಂದ ಪ್ರತಿಯೊಬ್ಬನ ನಡತೆಯ ಮೇಲೂ ಜೊತೆಯವರ ಕಣ್ಣಿರುತ್ತಿತ್ತು. ಈ ಪೆಟ್ಟಿಗೆ ಪದ್ಧತಿ ಜಪಾನಿನಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ.

ಪೇಟೆಯ ಅಂಗಡಿಗಳ ಕಥೆ ಬೇರೆ. ಮಿತ್ಸುಯಿ ತಾಕಾತೋಶಿ 1673ರಲ್ಲಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಎಚಿಗೊಯಾ ಎಂಬ ಜವಳಿ ಅಂಗಡಿ ತೆರೆದ. ಆಗ ದೊಡ್ಡ ಜವಳಿ ವ್ಯಾಪಾರಿಗಳು ಶ್ರೀಮಂತರ ಮನೆಗೇ ಥಾನುಗಳನ್ನು ಒಯ್ದು ತೋರಿಸಿ, ಉದ್ರಿ ಕೊಟ್ಟು, ವರ್ಷಕ್ಕೆ ಒಂದೆರಡು ಸಲ ವಸೂಲಿ ಮಾಡುತ್ತಿದ್ದರು. ಬಡ್ಡಿ, ವಸೂಲಾಗದ ಬಾಕಿ, ಚೌಕಾಸಿಗೆ ಬೇಕಾದ ಅಂತರ ಎಲ್ಲವೂ ಬೆಲೆಯೊಳಗೇ ಸೇರಿರುತ್ತಿದ್ದವು. ಮಿತ್ಸುಯಿ ಉದ್ರಿ ನಿಲ್ಲಿಸಿ, ನಗದಿಗೆ ಒಂದೇ ಬೆಲೆ ಎಂದ. ಮುಖ ನೋಡಿ ಬೆಲೆ ಹೇಳುವ ಪದ್ಧತಿ ಅವನ ಅಂಗಡಿಯಲ್ಲಿ ಹೋಯಿತು. ಇಡೀ ಥಾನು ಕೊಳ್ಳಲಾಗದವರಿಗೆ ಬೇಕಾದಷ್ಟೇ ಅಳತೆಯ ಬಟ್ಟೆ ಕತ್ತರಿಸಿ ಕೊಟ್ಟ. ಸಾಮಾನ್ಯ ಜನ ಮುಗಿಬಿದ್ದರು, ಹಳೆಯ ಅಂಗಡಿಯವರು ಕಿರುಕುಳ ಕೊಟ್ಟರು, ಅಂಗಡಿ 1683ರಲ್ಲಿ ಸುರುಗಾ ಬೀದಿಗೆ ಹೋಗಬೇಕಾಯಿತು. ಮಳೆ ಬಂದಾಗ ಗಿರಾಕಿಗಳಿಗೆ ಅಂಗಡಿಯ ಗುರುತಿರುವ ಛತ್ರಿಗಳನ್ನು ಎರವಲು ಕೊಡುತ್ತಿದ್ದುದೂ ಪ್ರಸಿದ್ಧ. ಮಳೆಗಾಲದ ಎದೊ ತುಂಬ ಅವನ ಜಾಹೀರಾತು ಓಡಾಡುತ್ತಿತ್ತು ಎನ್ನಿ. ಉಪಕಾರವೂ ಹೌದು, ವ್ಯಾಪಾರವೂ ಹೌದು. ಇವೆರಡನ್ನು ಬೇರ್ಪಡಿಸುವ ಅಗತ್ಯ ಅವರಿಗೆ ಕಂಡಂತಿಲ್ಲ.

ನೀತಿಯ ಮಾತಿಗೆ ತಾತ್ವಿಕ ನೆಲೆ ಕೊಟ್ಟವನು ಇಶಿದಾ ಬೈಗನ್ (1685–1744). ಹಳ್ಳಿಯ ರೈತನ ಮಗ, ಕ್ಯೋಟೊದ ಜವಳಿ ಅಂಗಡಿಯಲ್ಲಿ ದುಡಿದು ಬೆಳೆದವನು. 1729ರಲ್ಲಿ ತನ್ನ ಮನೆಯಲ್ಲೇ ಪಾಠ ಶುರುಮಾಡಿದ. ಶುಲ್ಕವಿಲ್ಲ, ಯಾರ ಶಿಫಾರಸೂ ಬೇಡ, ಹೆಂಗಸರೂ ಬಂದು ಕೇಳಬಹುದಿತ್ತು. ಯೋಧ, ರೈತ, ಕುಶಲಕರ್ಮಿ, ಕೊನೆಗೆ ವರ್ತಕ ಎಂಬ ಶ್ರೇಣಿಯಿದ್ದ ಸಮಾಜದಲ್ಲಿ ಅವನು, ಯೋಧನಿಗೆ ದೊರೆ ಕೊಡುವ ಸಂಬಳ ಹೇಗೋ ವರ್ತಕನಿಗೆ ಲಾಭ ಹಾಗೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಧೈರ್ಯವಾಗಿ ವಾದಿಸಿದ. ಆದರೆ ಯಾವ ಲಾಭ? 1739ರ ಅವನ ಪುಸ್ತಕದಲ್ಲಿ ಬರುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ರೇಷ್ಮೆಯ ಥಾನು ಅಳತೆಗಿಂತ ಒಂದೆರಡು ಅಂಗುಲ ಕಡಿಮೆ ಬಂದಿದೆ. ವರ್ತಕ ಅದನ್ನು ಎತ್ತಿ ತೋರಿಸಿ ನೇಕಾರನ ಬೆಲೆ ಮುರಿಯುತ್ತಾನೆ. ಅದೇ ಥಾನಿಗೆ ಪೂರ್ತಿ ಅಳತೆಯ ಚೀಟಿ ಅಂಟಿಸಿ ಪೂರ್ತಿ ಬೆಲೆಗೆ ಮಾರುತ್ತಾನೆ. ಗಿರಾಕಿಗೆ ಆ ಎರಡಂಗುಲದ ಕೊರತೆ ಗೊತ್ತೂ ಆಗುವುದಿಲ್ಲ. ಇದು ಇಮ್ಮಡಿ ಲಾಭ, ಕಾನೂನು ನಿಷೇಧಿಸಿದ ಎರಡು ಬಗೆಯ ಅಳತೆಪಾತ್ರೆ ಬಳಸಿದಂತೆ ಎನ್ನುತ್ತಾನೆ ಬೈಗನ್. ಅಂಗಡಿಯಲ್ಲಿ ಕೂತು ಗಜಕಡ್ಡಿ ಹಿಡಿದವನಿಗೆ ಮಾತ್ರ ಹೊಳೆಯುವ ಉದಾಹರಣೆ ಇದು.

ಮನೆಯೊಳಗಿನ ಶಿಸ್ತಿನ ಬಗ್ಗೆಯೂ ಹೇಳಬೇಕು. ಹಲವು ವರ್ತಕ ಮನೆತನಗಳಲ್ಲಿ ಯಜಮಾನ ಆಸ್ತಿಯ ಒಡೆಯನಾಗಿರಲಿಲ್ಲ, ಪೂರ್ವಜರ ಸೊತ್ತನ್ನು ಕಾಯುವವನಾಗಿದ್ದ. ದುಂದು ಮಾಡಿದರೆ ಬಂಧುಗಳು ಮತ್ತು ಹಿರಿಯ ಗುಮಾಸ್ತರು ಸೇರಿ ಅವನನ್ನು ಬಲವಂತವಾಗಿ ನಿವೃತ್ತಿ ಮಾಡಿಸಬಹುದಿತ್ತು. ಮಗ ದಡ್ಡನಾದರೆ ಸಮರ್ಥ ಗುಮಾಸ್ತನನ್ನು ಮನೆಯಳಿಯನಾಗಿ ತಂದು ಗಲ್ಲಾದ ಮೇಲೆ ಕೂರಿಸುತ್ತಿದ್ದರು. ಇತೊ ಚೂಬೆಯ್ 1858ರಲ್ಲಿ ನಾರುಬಟ್ಟೆ ಹೊತ್ತು ಮಾರಲು ಹೊರಟ ಓಮಿಯ ಹುಡುಗ. 1872ರಲ್ಲಿ ಒಸಾಕಾದಲ್ಲಿ ಅಂಗಡಿ ತೆರೆದ ಮೇಲೆ ಲಾಭವನ್ನು ಮನೆತನ, ಅಂಗಡಿಯ ಮೀಸಲು ನಿಧಿ, ನೌಕರರು ಎಂದು ಮೂರು ಪಾಲು ಮಾಡಿದ. ಇಂದಿನ ಇತೊಚು, ಮರುಬೆನಿ ಕಂಪನಿಗಳ ಮೂಲ ಅವನೇ. ಆದರೆ ಇಡೀ ವ್ಯವಸ್ಥೆ ನಿಂತದ್ದು ಹತ್ತು ಹನ್ನೆರಡು ವರ್ಷಕ್ಕೇ ಮನೆ ಬಿಟ್ಟು ಬಂದ ಹುಡುಗರ ಮೇಲೆ ಎಂಬುದನ್ನು ಮರೆಯಬಾರದು. ಅವರಿಗೆ ಊಟ, ಬಟ್ಟೆ ಬಿಟ್ಟರೆ ಸಂಬಳವಿಲ್ಲ. ಓಮಿಯವರ ಅಂಗಡಿಗಳಲ್ಲಿ ಕೆಲವು ವರ್ಷ ಕಳೆದ ಮೇಲಷ್ಟೇ ಮೊದಲ ಊರುಭೇಟಿ. ಆಗ ಕೆಲಸಕ್ಕೆ ಬಾರದವನೆಂದು ತೀರ್ಮಾನವಾದರೆ ಅವನನ್ನು ಮರಳಿ ಕರೆಸುತ್ತಿರಲಿಲ್ಲ. ಉಳಿದು ಗೆದ್ದವನಿಗೆ ಬಂಡವಾಳದ ಜೊತೆ ಮನೆತನದ ಹೆಸರಿನಲ್ಲೇ ಸ್ವಂತ ಅಂಗಡಿ ಸಿಗುತ್ತಿತ್ತು. ಅಂಥವರ ಯಶಸ್ಸನ್ನು ಕೊಂಡಾಡುವವರು ಮರಳಿ ಬರದವರ ಸುದ್ದಿ ಎತ್ತುವುದಿಲ್ಲ. ಅದು ನನಗೆ ಬೇಸರ ತರಿಸುತ್ತದೆ.

ಇನ್ನು ನಿಮ್ಮ ತರಬೇತಿಯಲ್ಲಿ ಖಂಡಿತ ಹೇಳಿರದ ಸಂಗತಿ. ಓಮಿಯ ತೊಯೊಸಾತೊದ ಫುಜಿನೊ ಮನೆತನ 1830ರ ದಶಕದ ಮಹಾಕ್ಷಾಮದಲ್ಲಿ ಮನೆ ಮತ್ತು ದೇಗುಲದ ಕಟ್ಟಡದ ಕೆಲಸ ಹಿಡಿಸಿ ಹಸಿದ ಊರವರಿಗೆ ಕೂಲಿ ಒದಗಿಸಿತು. ಭಿಕ್ಷೆ ಕೊಟ್ಟು ಅವರ ಮಾನ ಕಳೆಯಲಿಲ್ಲ ಎಂದು ಆ ಕೆಲಸವನ್ನು ಇಂದಿಗೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಅದೇ ಮನೆತನ ಉತ್ತರದ ಎಜೊದಲ್ಲಿ, ಅಂದರೆ ಇಂದಿನ ಹೊಕ್ಕೈಡೊ ಕಡೆ, ಮೀನುಗಾರಿಕೆಯ ಗುತ್ತಿಗೆ ಹಿಡಿದಿತ್ತು. ಅಂಥ ಗುತ್ತಿಗೆಗಳಲ್ಲಿ ದುಡಿದವರು ಅಲ್ಲಿನ ಮೂಲನಿವಾಸಿ ಐನು ಜನ. ಅವರನ್ನು ಹಳ್ಳಿಗಳಿಂದ ಬಿಡಿಸಿ ದೂರದ ಮೀನುಗಾರಿಕೆ ನೆಲೆಗಳಿಗೆ ಸಾಗಿಸಿದ್ದನ್ನು, ಕುಟುಂಬಗಳು ಒಡೆದದ್ದನ್ನು ಮತ್ಸುಊರಾ ತಾಕೆಶಿರೊ ಎಂಬ ಸಂಚಾರಿ 1850ರ ದಶಕದಲ್ಲಿ ಕಣ್ಣಾರೆ ಕಂಡು ಬರೆದಿದ್ದಾನೆ. ಐನು ಜನಕ್ಕೆ ಇನ್ನೊಬ್ಬ ವರ್ತಕನ ಬಳಿ ಹೋಗುವ ದಾರಿಯಿರಲಿಲ್ಲ, ಬಾಗಿಲು ಮುಚ್ಚುವ ಅಧಿಕಾರವಿರಲಿಲ್ಲ. ತೊಯಾಮಾದ ಔಷಧಿಯವನನ್ನು ನೇರವಾಗಿ ನಡೆಸಿದ ಯಾವ ಹಂಗೂ ಎಜೊದ ಗುತ್ತಿಗೆದಾರನಿಗೆ ಇರಲಿಲ್ಲ.

ಆದ್ದರಿಂದ ಅವರು ಪ್ರಾಮಾಣಿಕರೇ ಎಂಬ ನಿಮ್ಮ ಪ್ರಶ್ನೆಗೆ, ಬೇಡ ಎನ್ನಬಲ್ಲ ಗಿರಾಕಿಯ ಮುಂದೆ ಬಹುಪಾಲು ಹೌದು ಎಂದು ಹೇಳುತ್ತೇನೆ. ಮತ್ಸುಊರಾ ತಾನು ಕಂಡದ್ದನ್ನು ಬರೆದ ಪುಸ್ತಕಕ್ಕೆ ಅವನ ಕಾಲದಲ್ಲಿ ಪ್ರಕಟಣೆಯ ಅನುಮತಿ ಸಿಗಲಿಲ್ಲ. 1868ರಲ್ಲಿ ಯೋಧರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂದ ಮೇಲೆ ಅಧಿಕಾರಿಯಾಗಿ ಗುತ್ತಿಗೆ ಪದ್ಧತಿಯನ್ನು ನಿಲ್ಲಿಸಲು ಹೋರಾಡಿದ. ವರ್ತಕರ ಹಿತವೇ ಮೇಲಾದಾಗ 1870ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರನಡೆದ.