ತಾರಸಿಯ ಈಶ್ವರಿ ಬಳ್ಳಿಗೆ ರಾಜ್ಯ ಚಿಟ್ಟೆ ಬರುತ್ತದೆಯೇ?

ಜಯನಗರದ ತಾರಸಿಯಲ್ಲಿ ಈಶ್ವರಿ ಬಳ್ಳಿ ಬೆಳೆಸಿದರೆ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರುತ್ತದೆಯೇ ಎಂದು ಕೇಳಿದ್ದೀರಿ. ಅದರ ಆಸೆ ಬಿಡಿ. ಅದರ ನೆಲೆ ಮುಖ್ಯವಾಗಿ ಪಶ್ಚಿಮ ಘಟ್ಟದ ಕಾಡು. ಆದರೆ ಅದೇ ಬಳ್ಳಿ ಹುಡುಕಿಕೊಂಡು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಚಿಟ್ಟೆಗಳು ಬಂದಾವು. ಚಿಗುರಿನಲ್ಲಿ, ಎಲೆಯಡಿಯಲ್ಲಿ ಕೆಂಪು ಮೊಟ್ಟೆ ನೋಡಿ. ಮೈತುಂಬ ಮೆತ್ತನೆ ಮುಳ್ಳು, ನಡುವೆ ಬಿಳಿ ಪಟ್ಟಿಯ ಕಡುಗೆಂಪು ಹುಳ ಕಂಡರೆ ಅದು ಕಾಮನ್ ರೋಸ್ ಮರಿ, ಕಿತ್ತೆಸೆಯಬೇಡಿ.

ಒಂದೇ ಕುಂಡ ಸಾಲದು. ನಾಲ್ಕೈದು ಹುಳ ಸೇರಿದರೆ ಬಳ್ಳಿ ಬೋಳಾಗುತ್ತದೆ, ಆಮೇಲೆ ಅವು ಹಸಿದು ಸಾಯುತ್ತವೆ. 14 ಇಂಚಿನ ಮೂರು ಕುಂಡವಾದರೂ ಇಡಿ, ಹಬ್ಬಲು ಜಾಲರಿ ಕಟ್ಟಿ. ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ.

ನರ್ಸರಿಯಲ್ಲಿ ದೊಡ್ಡ ಚುಕ್ಕೆ ಹೂವಿನ ವಿದೇಶಿ ಅರಿಸ್ಟೊಲೋಕಿಯ (ಈಶ್ವರಿ ಬಳ್ಳಿಯ ಕುಲದ್ದೇ ಬೇರೆ ಬಳ್ಳಿ) ಕೊಟ್ಟಾರು, ಎಚ್ಚರ! ಚಿಟ್ಟೆ ಮೋಸಹೋಗಿ ಮೊಟ್ಟೆಯಿಟ್ಟರೂ ಎಲೆಯ ವಿಷಕ್ಕೆ ಮರಿಗಳು ಸಾಯಬಹುದು.